ಮನೆಗೆ ಹಿಡಿಯುವ ಬೂಷ್ಟು ಮತ್ತು ಅದರ ನಿವಾರಣೆ



ದಸರೆಯ ರಜೆಯನ್ನು ಮುಗಿಸಿ ಶಾಲೆಗೆ ಮರಳುವ ಬಾಲಕಿಯರಲ್ಲಿ ಕೆಲವರು ಪ್ರತಿವರ್ಷವೂ ಕೆಮ್ಮುತ್ತಲೇ ಬರುತ್ತಾರೆ. ವಿಚಾರಿಸಿದರೆ, “ಮನಿ ಸೋರ್ತದ್ರೀ ಅಕ್ಕೋರೆ, ಗ್ವಾಡಿ ಕರ್ರಗಾಗ್ಯಾವ” ಎಂಬ ಉತ್ತರವು ದೊರೆಯುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಕೋಣೆಯ ಗೋಡೆಯೂ ಹಾಗೆಯೇ ಕಪ್ಪಾದಾಗ, ನಾನು ಒಣ ಕಸಬರಿಗೆಯಿಂದ ಅದನ್ನು ಉಜ್ಜಿ, ಮೇಲೆ ಸುಣ್ಣವನ್ನು ಬಳಿಸಿದೆನು. ಆ ರಾತ್ರಿಯೆಲ್ಲ ಕೆಮ್ಮಿದೆನು. ತಿಂಗಳೊಳಗೆ ಕಲೆಯು ಸುಣ್ಣವನ್ನು ಭೇದಿಸಿ ಹೊರಬಂದಿತು. ಒಂದೇ ದಿನ ಎರಡು ತಪ್ಪುಗಳನ್ನು ಮಾಡಿದ್ದೆನು.

ಬೂಷ್ಟು ಎಂಬುದು ಕೊಳೆಯಲ್ಲ, ಜೀವವುಳ್ಳ ಶಿಲೀಂಧ್ರ. ಕಣ್ಣಿಗೆ ಕಾಣದ ಅದರ ಬೀಜಾಣುಗಳು ಎಲ್ಲೆಡೆಯ ಗಾಳಿಯಲ್ಲಿಯೂ ಉಂಟು. ತೇವವು ದೊರೆತಲ್ಲಿ ಅವು ಬೇರೂರುತ್ತವೆ. ಒಣಗಿದ ಬೂಷ್ಟನ್ನು ಗುಡಿಸಿದರೆ ಅಸಂಖ್ಯಾತ ಬೀಜಾಣುಗಳು ಮೇಲೆದ್ದು ಉಸಿರಿನೊಡನೆ ಒಳಹೋಗುತ್ತವೆ. ತೇವವುಳ್ಳ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಅಸ್ತಮಾಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಹೇಳುತ್ತದೆ. 2021ರಲ್ಲಿ ಜನರನ್ನು ಭಯಪಡಿಸಿದ ‘ಕಪ್ಪು ಶಿಲೀಂಧ್ರ’ ರೋಗವು ಗೋಡೆಯ ಈ ಕಪ್ಪು ಕಲೆಯಲ್ಲ. ಆದರೂ ಬಣ್ಣವು ಯಾವುದಾದರೂ ಗೋಡೆಯ ಬೂಷ್ಟನ್ನು ತೆಗೆಯತಕ್ಕದ್ದೇ.

ಸತ್ಯವೇದದ ಯಾಜಕಕಾಂಡ 14ನೆಯ ಅಧ್ಯಾಯದಲ್ಲಿ ಮನೆಯ ಗೋಡೆಗೆ ಹಿಡಿದ ಪಿಡುಗಿನ ವಿಧಿಯುಂಟು. ಮೊದಲು ಮನೆಯನ್ನು ಬರಿದುಮಾಡುವುದು, ಏಳು ದಿನ ಮುಚ್ಚಿಟ್ಟು ತಿರುಗಿ ನೋಡುವುದು, ಕೆಟ್ಟ ಕಲ್ಲುಗಳನ್ನು ತೆಗೆದು ಗೋಡೆಯನ್ನು ಕೆರೆಯುವುದು, ಆ ಬಳಿಕವೇ ಹೊಸ ಗಾರೆಯನ್ನು ಬಳಿಯುವುದು. ಮುಚ್ಚುವುದಕ್ಕಿಂತ ಮೊದಲು ಪರೀಕ್ಷಿಸು ಎಂಬ ಈ ಕ್ರಮವು ಇಂದಿಗೂ ಸರಿಯಾದುದೇ.

ಆದುದರಿಂದ ಮೊದಲು ನೀರಿನ ಮೂಲವನ್ನು ಹುಡುಕಿರಿ. ಮಾಳಿಗೆಯ ಮಣ್ಣು ಕುಸಿದಿದೆಯೋ, ಹಾಸುಗಲ್ಲುಗಳ ಸಂದಿ ಬಿಟ್ಟಿದೆಯೋ, ಬಚ್ಚಲಿನ ನೀರು ಗೋಡೆಗೆ ಇಳಿಯುತ್ತಿದೆಯೋ ನೋಡಿರಿ. ಅದನ್ನು ಸರಿಪಡಿಸದೆ ಮಾಡಿದ ಕೆಲಸವೆಲ್ಲ ವ್ಯರ್ಥ. ಬಳಿಕ ಎನ್-95 ಮುಖಗವಸು, ಕೈಗವಸು, ಕನ್ನಡಕಗಳನ್ನು ಧರಿಸಿ, ಕಿಟಕಿ ಬೆಳಕಿಂಡಿಗಳನ್ನು ತೆರೆದು, ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಗೋಡೆಯನ್ನು ಪೂರ್ಣವಾಗಿ ಒಣಗಿಸಿರಿ. ಸುಣ್ಣವು ಒಣಗಿದ ಗೋಡೆಗೆ ಮಾತ್ರ. ಬ್ಲೀಚಿಂಗ್ ಪುಡಿಯನ್ನು ಬಳಸುವವರು ಅದಕ್ಕೆ ಶೌಚಾಲಯ ತೊಳೆಯುವ ಆ್ಯಸಿಡ್ಡನ್ನಾಗಲಿ ಅಮೋನಿಯಾವನ್ನಾಗಲಿ ಎಂದಿಗೂ ಬೆರೆಸಕೂಡದು, ವಿಷಾನಿಲವು ಹುಟ್ಟುತ್ತದೆ. ಉಬ್ಬಸವುಳ್ಳ ಮಕ್ಕಳನ್ನೂ ವೃದ್ಧರನ್ನೂ ರೋಗಿಗಳನ್ನೂ ಆ ಹೊತ್ತು ದೂರವಿಡಿರಿ.

2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿ ಭಾಗದ ತೀರದ ಹಳ್ಳಿಗಳಿಗೆ ನುಗ್ಗಿದುದನ್ನು ನಾವು ಮರೆತಿಲ್ಲ. ಅಂಥ ವೇಳೆಯಲ್ಲಿ ತೋಯ್ದ ವಸ್ತುಗಳನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬೂಷ್ಟು ಹಿಡಿಯುವುದು ಕಡಿಮೆ. ಕೌದಿಯನ್ನು ತೊಳೆದು ಬಿಸಿಲಿಗೆ ಹಾಕಬಹುದು. ಬೂಷ್ಟು ಒಳಸೇರಿದ ಹತ್ತಿಯ ಗಾದಿಯನ್ನು ಬಿಟ್ಟುಬಿಡುವುದೇ ಲೇಸು.

ಕಡೆಯದಾಗಿ, ಅಡಿಗೆಮನೆಯ ಮಾತು. ನಮ್ಮ ತಾಯಂದಿರು ಮಳೆಗೆ ಸಿಕ್ಕಿ ಬೂಷ್ಟು ಬಂದ ಜೋಳವನ್ನು ತೊಳೆದು, ಒಣಗಿಸಿ, ಬೀಸುವುದುಂಟು. ಅನ್ನವನ್ನು ಚೆಲ್ಲಬಾರದೆಂಬ ಅವರ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ 1995ರಲ್ಲಿ ದಖ್ಖನ್ನಿನ ಕೆಲವು ಹಳ್ಳಿಗಳಲ್ಲಿ ಇಂಥ ಜೋಳವನ್ನೂ ಗೋವಿನಜೋಳವನ್ನೂ ಉಂಡವರಿಗೆ ಹೊಟ್ಟೆನೋವು, ಭೇದಿ ಉಂಟಾದವು. ಪರೀಕ್ಷಿಸಿದಾಗ ಆ ಧಾನ್ಯದಲ್ಲಿ ಫ್ಯೂಮೊನಿಸಿನ್ ಎಂಬ ಬೂಷ್ಟಿನ ವಿಷವು ಕಂಡುಬಂದಿತು. ಬೂಷ್ಟು ಬಂದ ಶೇಂಗಾದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಪೂರ್ಣವಾಗಿ ನಾಶವಾಗದು. ಅಂಥ ಕಾಳನ್ನು ದನಕ್ಕೂ ಹಾಕಬೇಡಿರಿ. ಚೆನ್ನಾಗಿ ಒಣಗಿಸಿದ ಕಾಳನ್ನು ಚೀಲದಲ್ಲಿ ತುಂಬಿ, ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿರಿ.

ಪ್ರಿಯ ಹೆಣ್ಣುಮಕ್ಕಳೇ, ನೀವು ಈಗ ನಿಮ್ಮ ನಿಮ್ಮ ಮನೆಗಳನ್ನು ನಡೆಸುವವರು. ಸುಣ್ಣವನ್ನು ಕೈಗೆತ್ತಿಕೊಳ್ಳುವ ಮುನ್ನ ಒಮ್ಮೆ ಮಾಳಿಗೆಯನ್ನು ಹತ್ತಿ ನೋಡಿರಿ. ಕೆಮ್ಮುವ ಮಗುವಿಗೆ ಔಷಧದೊಡನೆ ಒಣಗಿದ ಕೋಣೆಯನ್ನೂ ಕೊಡಿರಿ.