ಎದೆಯ ಎಕ್ಸ್‌ರೇಯಲ್ಲಿ ಕಲ್ಲುದೂಳು ಪತ್ತೆಹಚ್ಚಲು: ಯುವ ವೈದ್ಯರಿಗೆ ಆರು ಸೂತ್ರಗಳು

1. ಫಿಲ್ಮ್ ನೋಡುವ ಮೊದಲು ಕಸುಬು ಕೇಳಿ. "ಏನು ಕೆಲಸ?" ಎಂದರೆ "ಕೂಲಿ ಸಾರ್" ಎನ್ನುತ್ತಾರೆ. ಅಲ್ಲಿಗೇ ಬಿಡಬೇಡಿ. ಕ್ವಾರಿಯಲ್ಲಿ ಡ್ರಿಲ್ಲಿಂಗೋ, ಕ್ರಷರೋ, ಗ್ರಾನೈಟ್ ಪಾಲಿಶ್ಶೋ? ಎಷ್ಟು ವರ್ಷ? ಹಿಂದೆ ಏನು ಮಾಡುತ್ತಿದ್ದಿರಿ? ಕಲ್ಲುದೂಳಿನಿಂದ ಬರುವ ಸಿಲಿಕೋಸಿಸ್ ಸಾಮಾನ್ಯವಾಗಿ ಹತ್ತು ವರ್ಷ ದೂಳು ಕುಡಿದ ಮೇಲೆ ಕಾಣಿಸುತ್ತದೆ. ಕೆಲಸ ಬಿಟ್ಟ ಮೇಲೂ ಬೆಳೆಯುತ್ತದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದವರು ಇವತ್ತು ಯಾವ ಊರಿನ ಒಪಿಡಿಗಾದರೂ ಬರಬಹುದು.

2. ಫಿಲ್ಮ್ ಸರಿಯಿಲ್ಲದಿದ್ದರೆ ಮತ್ತೊಮ್ಮೆ ತೆಗೆಸಿ. ತೀರಾ ಕಪ್ಪಾದರೆ ಇರುವ ಚುಕ್ಕೆ ಮರೆಯಾಗುತ್ತದೆ, ಬೆಳ್ಳಗಾದರೆ ಇಲ್ಲದ್ದು ಕಾಣುತ್ತದೆ.

3. ಚುಕ್ಕೆ ಎಲ್ಲಿದೆ, ಯಾವ ಆಕಾರ ಎಂದು ನೋಡಿ. ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ದುಂಡನೆಯ ಸಣ್ಣ ಚುಕ್ಕೆಗಳಿದ್ದರೆ ಸಿಲಿಕೋಸಿಸ್ ನೆನಪಾಗಬೇಕು. ನಡುವಿನ ದುಗ್ಧಗ್ರಂಥಿಗಳ ಅಂಚಿಗೆ ಮೊಟ್ಟೆಯ ಚಿಪ್ಪಿನಂತೆ ಸುಣ್ಣ ಕಟ್ಟಿದ್ದರೆ ಅನುಮಾನ ಇನ್ನೂ ಗಟ್ಟಿ. ಕೆಳಭಾಗದಲ್ಲಿ ಗೆರೆಗೆರೆಯಾಗಿದ್ದು, ವಪೆಯ ಮೇಲೆ ಸುಣ್ಣದ ಪಟ್ಟೆ ಇದ್ದರೆ ಆಸ್ಬೆಸ್ಟಾಸ್ ಕೆಲಸದ ಬಗ್ಗೆ ವಿಚಾರಿಸಿ.

4. ಅಂದಾಜಿಗೆ ಬರೆಯಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾದರಿ ಎಕ್ಸ್‌ರೇಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ. ದುಂಡು ಚುಕ್ಕೆ 1.5 ಮಿ.ಮೀ.ವರೆಗೆ ಪಿ, 3ರವರೆಗೆ ಕ್ಯೂ, 10ರವರೆಗೆ ಆರ್. ಸಾಂದ್ರತೆಗೆ 0/-ಯಿಂದ 3/+ವರೆಗೆ ಹನ್ನೆರಡು ಮೆಟ್ಟಿಲು. 1/0 ಎಂದರೆ, 1 ಎಂದು ತೀರ್ಮಾನಿಸಿದ್ದೀರಿ, ಆದರೆ 0 ಇರಬಹುದೇ ಎಂದೂ ಗಂಭೀರವಾಗಿ ಯೋಚಿಸಿದ್ದೀರಿ. ಆ ಅನುಮಾನವೂ ದಾಖಲಾಗುವುದೇ ಈ ಪದ್ಧತಿಯ ದೊಡ್ಡತನ.

5. ಮೇಲ್ಭಾಗದ ನೆರಳೆಲ್ಲ ಟಿಬಿಯಲ್ಲ. ಕಫದಲ್ಲಿ ರೋಗಾಣು ಸಿಗದಿದ್ದರೂ ಮತ್ತೆ ಮತ್ತೆ ಟಿಬಿ ಮಾತ್ರೆ ನುಂಗಿಸುವುದು ಅನ್ಯಾಯ. ಹಾಗೆಂದು ಟಿಬಿಯನ್ನು ಪಕ್ಕಕ್ಕೂ ಸರಿಸಬೇಡಿ. ಸಿಲಿಕಾ ತುಂಬಿದ ಶ್ವಾಸಕೋಶಕ್ಕೆ ಅದು ಬೇಗ ತಗಲುತ್ತದೆ. ಕಫ ಪರೀಕ್ಷೆ ಮಾಡಿಸಲೇಬೇಕು. ಒಂದು ಸೆಂ.ಮೀ.ಗಿಂತ ದೊಡ್ಡ ಗಡ್ಡೆ ಕಂಡರೆ ಕ್ಯಾನ್ಸರನ್ನೂ ಯೋಚಿಸಿ, ಹಳೆಯ ಫಿಲ್ಮ್ ತರಿಸಿ ಹೋಲಿಸಿ.

6. ವರದಿಯಲ್ಲಿ ಕಸುಬು, ದುಡಿದ ವರ್ಷ ಎರಡನ್ನೂ ಬರೆಯಿರಿ. ಸಿಲಿಕೋಸಿಸ್ ಕಾನೂನಿನ ಪ್ರಕಾರ ಅಧಿಕಾರಿಗಳಿಗೆ ತಿಳಿಸಬೇಕಾದ ಕಾಯಿಲೆ. ಪರಿಹಾರ ಕೇಳಲು ಕಾರ್ಮಿಕನ ಕೈಯಲ್ಲಿರುವ ಆಧಾರ ನಿಮ್ಮ ಆ ಕಾಗದ. ಶ್ವಾಸಕೋಶದಲ್ಲಿ ಕಟ್ಟಿದ ಗಾಯದ ಕಲೆಯನ್ನು ಅಳಿಸುವ ಔಷಧ ಇಲ್ಲ, ಆದ್ದರಿಂದ ದೂಳಿನಿಂದ ಅವನನ್ನು ಬೇಗ ಬಿಡಿಸಿ. ಜೊತೆಗೆ ದುಡಿಯುತ್ತಿರುವವರನ್ನೂ ಎಕ್ಸ್‌ರೇಗೆ ಕರೆಸಿ.