ಅಳುವವರ ಮುಂದೆ ಅವಸರ ಬೇಡ

ಶಹಾಬಾದ

ಪ್ರೀತಿಯ ತಂಗಿ,

ಆಪ್ತಸಮಾಲೋಚನೆಯ ಕೆಲಸಕ್ಕೆ ಸೇರಿದ ಸುದ್ದಿ ಓದಿ ಸಂತೋಷವಾಯಿತು. ‘ಎದುರಿಗೆ ಕೂತವರು ಅಳತೊಡಗಿದರೆ ನಾನೇನು ಮಾಡಲಿ?’ ಎಂದು ಕೇಳಿದ್ದಿ. ಅಳಲು ಬಿಡು. ನೀನು ಅಲ್ಲೇ ಕೂತಿರು. ಈ ಕೆಲಸದಲ್ಲಿ ಇದಕ್ಕಿಂತ ಕಷ್ಟದ್ದು ಬೇರೆ ಇಲ್ಲ.

ನಮ್ಮ ಕಡೆಯವರು ನೇರವಾಗಿ ‘ದುಃಖ ಆಗ್ಯಾದ’ ಅನ್ನುವುದು ಕಡಿಮೆ. ‘ತಲಿ ಭಾರ ಆಗ್ಯಾದ’, ‘ಎದಿ ಉರೀತದ’, ‘ನಿದ್ದಿ ಬರವಲ್ದು’ ಅನ್ನುತ್ತಾರೆ. ಮೊದಲು ಆ ಮಾತನ್ನೇ ನಂಬು. ದೇಹದ ಕಾಯಿಲೆ ಇದೆಯೋ ಎಂದು ವೈದ್ಯರು ನೋಡಲಿ. ನೀನು ‘ಯಾವಾಗಿಂದ ಹಿಂಗ?’ ಎಂದು ಕೇಳಿ ಸುಮ್ಮನಾಗು. ಫರಸಿ ಕಲ್ಲಿನ ಗಣಿಯಲ್ಲಿ ದುಡಿದ ಗಂಡಸು, ವಾಡಿಯ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕಾರ್ಮಿಕ, ತೊಗರಿ ಕೈಕೊಟ್ಟ ರೈತ, ಇವರಿಗೆ ಅತ್ತು ಅಭ್ಯಾಸವಿಲ್ಲ. ‘ಗಂಡಸಾಗಿ ಅಳ್ತೀರೇನು’ ಎಂಬ ಮಾತು ಹುಟ್ಟಿದಂದಿನಿಂದ ಕೇಳಿದವರು. ‘ಧೈರ್ಯ ತಗೋರಿ, ಎಲ್ಲಾ ಸರಿ ಹೋಗ್ತದ’ ಎಂದು ನೀನೂ ಅಂದರೆ, ಇಲ್ಲಿಯೂ ಅಳುವಂತಿಲ್ಲ ಎಂದುಕೊಂಡು ಕಣ್ಣೊರೆಸಿ ಎದ್ದುಹೋಗುತ್ತಾರೆ. ಅಳು ತಾನಾಗಿ ಇಳಿಯುವವರೆಗೆ ಕಾಯಿ. ಉರ್ದು, ಲಂಬಾಣಿ, ತೆಲುಗು, ಯಾವ ಭಾಷೆಯಲ್ಲಿ ಮನಸ್ಸು ಬಿಚ್ಚಿದರೂ ತಡೆಯಬೇಡ. ಅರ್ಥವಾಗದ್ದನ್ನು ಆಮೇಲೆ ಕೇಳು.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿಯೇ ಬರೆದರು: ಕೇಳುವವರ ಪ್ರಾಮಾಣಿಕತೆ, ಷರತ್ತಿಲ್ಲದ ಆದರ, ಎದುರಿನವರ ಕಣ್ಣಿನಿಂದ ನೋಡುವ ಪ್ರಯತ್ನ, ಇವು ಮನುಷ್ಯ ಬದಲಾಗಲು ಬೇಕೇಬೇಕು. ಉಪದೇಶ ಆ ಪಟ್ಟಿಯಲ್ಲಿಲ್ಲ.

ನಮ್ಮದು ಎಲ್ಲರಿಗೆ ಎಲ್ಲರೂ ಗೊತ್ತಿರುವ ಊರು. ನಿನ್ನ ಬಳಿ ಬಂದವರು ಬಜಾರದಲ್ಲಿ ಎದುರಾದರೆ ನೀನಾಗಿ ಮಾತಾಡಿಸಬೇಡ. ಅವರು ನಕ್ಕರೆ ನಗು. ಮಾನಸಿಕ ಕಾಯಿಲೆಯವರ ವಿಷಯ ಗುಟ್ಟಾಗಿರಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದಾಗ ಬೇರೆಯವರಿಗೆ ಹೇಳಬೇಕಾಗುತ್ತದೆ ಎಂಬುದನ್ನು ಮೊದಲ ದಿನವೇ ತಿಳಿಸಿಬಿಡು. ನಡುವೆ ಗೊತ್ತಾದರೆ ಮೋಸವೆನಿಸುತ್ತದೆ.

ಸಾಯುವ ಮಾತು ಬಂದರೆ ಬೇರೆ ಮಾತಿಗೆ ಹೊರಳಬೇಡ. ‘ಜೀವ ಕಳಕೊಳ್ಳೋ ವಿಚಾರ ಬಂದದೇನ್ರಿ?’ ಎಂದು ನೇರವಾಗಿ ಕೇಳು. ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ, ಎಷ್ಟೋ ಜನಕ್ಕೆ ಹಗುರಾಗುತ್ತದೆ. ಹೌದೆಂದರೆ ಒಬ್ಬರನ್ನೇ ಕಳಿಸಬೇಡ. ಮನೆಯವರನ್ನು ಕರೆಸು, ಮನೋವೈದ್ಯರಿಗೆ ಒಪ್ಪಿಸು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಆ ನಂಬರನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡು.

ಕಡೆಯದಾಗಿ ನಿನ್ನ ವಿಷಯ. ದಿನವೂ ಇಷ್ಟು ದುಃಖ ಕೇಳಿದವಳಿಗೂ ಹೇಳಿಕೊಳ್ಳಲು ಒಬ್ಬರು ಬೇಕು. ಹೆಸರು, ಊರು ಬಿಟ್ಟು, ಅನುಭವಸ್ಥರಾದ ಒಬ್ಬರ ಮುಂದೆ ವಾರಕ್ಕೊಮ್ಮೆಯಾದರೂ ನಿನ್ನ ಭಾರ ಇಳಿಸು. ನಿನ್ನ ಅಳುವಿಗೆ ನೀನು ಹೆದರದಿದ್ದರೆ ಬೇರೆಯವರ ಅಳುವಿಗೂ ಹೆದರುವುದಿಲ್ಲ.

ಆಶೀರ್ವಾದಗಳೊಂದಿಗೆ,
ನಿನ್ನ ಅಕ್ಕ