ಪೊಟ್ಟಣದ ಕಸ ಯಾರ ಲೆಕ್ಕಕ್ಕೆ?

ಚನ್ನಪಟ್ಟಣದ ವರ್ತಕನೊಬ್ಬನು ಅಂತರ್ಜಾಲದ ಮೂಲಕ ಜರ್ಮನಿಯ ಹ್ಯಾಂಬರ್ಗ್ ನಗರದ ಮನೆಯೊಂದಕ್ಕೆ ಅರಗಿನ ಬಣ್ಣದ ಗೊಂಬೆಯನ್ನು ಮಾರಿದನೆಂದು ಭಾವಿಸೋಣ. ಗೊಂಬೆ ಮಗುವಿನ ಕೈ ಸೇರುತ್ತದೆ. ಅದರೊಡನೆ ಬಂದ ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಚೀಲ, ಅಂಟುಪಟ್ಟಿಗಳು ಅಂದೇ ಕಸದ ಬುಟ್ಟಿ ಸೇರುತ್ತವೆ. ಈ ಕಸವನ್ನು ಎತ್ತಿ, ವಿಂಗಡಿಸಿ, ಮರಳಿ ಬಳಕೆಗೆ ತರುವ ವೆಚ್ಚವನ್ನು ಯಾರು ಕೊಡತಕ್ಕದ್ದು?

ಬಹುಕಾಲ ಈ ವೆಚ್ಚವನ್ನು ಪುರಸಭೆಗಳು, ಎಂದರೆ ಊರಿನ ತೆರಿಗೆದಾರರು, ಹೊರುತ್ತಿದ್ದರು. ಕಸವಾದ ಮೇಲಿನ ಖರ್ಚು ಮಾರುವವನ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಆದ್ದರಿಂದ ಅದನ್ನು ಕಡಮೆ ಮಾಡಬೇಕೆಂಬ ಯೋಚನೆಯೂ ಅವನಿಗೆ ಬರುವಂತಿರಲಿಲ್ಲ. ಸರಕಿನ ಬಾಳು ಮುಗಿದ ಬಳಿಕವೂ ಅದರ ಹೊಣೆ ಉತ್ಪಾದಕನದೇ ಎಂಬ ತತ್ತ್ವವನ್ನು 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ಎಂಬ ವಿದ್ವಾಂಸರು ಮಂಡಿಸಿದರು. ಮರುವರ್ಷ ಜರ್ಮನಿ ಇದೇ ಜಾಡಿನಲ್ಲಿ ಪ್ಯಾಕಿಂಗ್ ಸಾಮಗ್ರಿಗಳಿಗೆ ಒಂದು ಕಟ್ಟಳೆಯನ್ನು ಹೊರಡಿಸಿತು. ಶುಲ್ಕ ಸಲ್ಲಿಕೆಯ ಗುರುತಾಗಿ ಪೊಟ್ಟಣಗಳ ಮೇಲೆ ‘ಹಸುರು ಚುಕ್ಕೆ’ ಕಾಣಿಸಿಕೊಂಡಿತು. ಆ ಪೊಟ್ಟಣವನ್ನು ಹಳೆಯ ಕಸದಿಂದಲೇ ಮಾಡಿದೆಯೆಂದು ಹಲವರು ತಪ್ಪು ತಿಳಿಯುವುದುಂಟು!

ಶುಲ್ಕದ ಲೆಕ್ಕ ಸರಳವಾದುದು. ಸಾಮಗ್ರಿ ಯಾವುದು, ಅದರ ತೂಕವೆಷ್ಟು ಎಂಬೆರಡೇ ಅದಕ್ಕೆ ಆಧಾರ. ನಮ್ಮ ವರ್ತಕನು ವರ್ಷಕ್ಕೆ 200 ಗೊಂಬೆಗಳನ್ನು ಕಳುಹಿಸುವನೆನ್ನೋಣ. ಒಂದೊಂದಕ್ಕೆ 150 ಗ್ರಾಂ ರಟ್ಟು, 20 ಗ್ರಾಂ ಪ್ಲಾಸ್ಟಿಕ್ ಬಳಸಿದರೆ ಅವನು 30 ಕಿಲೋಗ್ರಾಂ ರಟ್ಟಿಗೂ 4 ಕಿಲೋಗ್ರಾಂ ಪ್ಲಾಸ್ಟಿಕ್ಕಿಗೂ ಹಣ ತೆರಬೇಕು. ಪ್ಲಾಸ್ಟಿಕ್ಕಿನ ದರ ಸಾಮಾನ್ಯವಾಗಿ ಕಾಗದದ ದರಕ್ಕಿಂತ ಹೆಚ್ಚು. ಚೀಲವನ್ನು ಬಿಟ್ಟು ಕಾಗದ ಸುತ್ತಿದರೆ ಹಣ ಉಳಿಯುತ್ತದೆ.

ಇಲ್ಲಿ ಒಂದು ಸಂದೇಹ ಏಳಬಹುದು. ಪೆಟ್ಟಿಗೆಯನ್ನು ತಯಾರಿಸಿದವನು ಬೇರೊಬ್ಬನಷ್ಟೆ? ಹೌದು, ಆದರೆ ಕಾನೂನಿನ ಕಣ್ಣಿನಲ್ಲಿ, ಸರಕು ತುಂಬಿದ ಪೊಟ್ಟಣವನ್ನು ವ್ಯಾಪಾರಕ್ಕಾಗಿ ಆ ದೇಶದೊಳಕ್ಕೆ ಮೊದಲು ತಂದವನೇ ‘ಉತ್ಪಾದಕ’. ನೇರವಾಗಿ ಗಿರಾಕಿಗೆ ಕಳುಹಿಸುವ ಪರದೇಶದ ವರ್ತಕನೇ ಹೊಣೆಗಾರನಾಗುತ್ತಾನೆ. ಆದರೆ ಜರ್ಮನಿಯ ಅಧಿಕಾರಿ ಚನ್ನಪಟ್ಟಣಕ್ಕೆ ಬಂದು ತನಿಖೆ ಮಾಡಲಾರನು. ದೂರದವರು ಹೀಗೆ ತಪ್ಪಿಸಿಕೊಂಡಾಗ ಅವರ ಕಸದ ವೆಚ್ಚವೂ ಪ್ರಾಮಾಣಿಕವಾಗಿ ಶುಲ್ಕ ಕೊಟ್ಟವರ ತಲೆಯ ಮೇಲೆ ಬೀಳುತ್ತದೆ.

ಇದಕ್ಕೆ ಜರ್ಮನಿ ಕಂಡುಕೊಂಡ ಉಪಾಯ ಜಾಣತನದ್ದೆಂದೇ ನಮಗೆ ತೋರುತ್ತದೆ. 2019ರ ಜನವರಿ 1ರಂದು ಜಾರಿಗೆ ಬಂದ ಕಾನೂನು ‘ಲೂಸಿಡ್’ ಎಂಬ ಬಹಿರಂಗ ನೋಂದಣಿ ಪುಸ್ತಕವನ್ನು ತೆರೆಯಿತು. ಅದರಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂಬುದನ್ನು ಪ್ರತಿಸ್ಪರ್ಧಿಯೂ ನೋಡಬಲ್ಲನು. ಶುಲ್ಕ ತಪ್ಪಿಸಿದವರಿಗೆ 2 ಲಕ್ಷ ಯೂರೋವರೆಗೆ ದಂಡ ಗೊತ್ತಾಯಿತು. 2022ರ ಜುಲೈ 1ರಿಂದ, ಹೆಸರು ನೋಂದಾಯಿಸದವರ ಸರಕಿಗೆ ಅಂತರ್ಜಾಲ ಮಾರುಕಟ್ಟೆಗಳು ಎಡೆಗೊಡಬಾರದೆಂದು ವಿಧಿಸಲಾಯಿತು. ಪರದೇಶದ ವರ್ತಕನನ್ನು ಹುಡುಕುವ ಬದಲು ಅವನು ಹಾದುಬರಲೇಬೇಕಾದ ಬಾಗಿಲಿನಲ್ಲಿ ಕಾವಲಿಟ್ಟಂತಾಯಿತು.

ಆದರೆ ಈ ಕಾನೂನಿನಲ್ಲಿ ಕನಿಷ್ಠ ಮಿತಿಯೆಂಬುದನ್ನು ಇಡಲಿಲ್ಲ. ಹತ್ತು ಪೊಟ್ಟಣ ಕಳುಹಿಸುವವನಿಗೂ ಹತ್ತು ಲಕ್ಷ ಕಳುಹಿಸುವವನಿಗೂ ನೋಂದಣಿ ಒಂದೇ. ಯೂರೋಪು ಒಕ್ಕೂಟದ ಹೊಸ ಸಾಮಾನ್ಯ ನಿಯಮ 2025ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತಾದರೂ, ಅದರಲ್ಲಿಯೂ ನೋಂದಣಿ ಆಯಾ ರಾಷ್ಟ್ರಕ್ಕೆ ಬೇರೆಬೇರೆಯೇ. ನಮ್ಮ ಗೊಂಬೆಯ ವರ್ತಕನು ಅಲ್ಲಿನ ಐದು ರಾಷ್ಟ್ರಗಳಿಗೆ ಸರಕು ಕಳುಹಿಸಬಯಸಿದರೆ ಐದು ಕಡೆ ಹೆಸರು ಬರೆಯಿಸಿ, ಐದು ಲೆಕ್ಕ ಒಪ್ಪಿಸಬೇಕು. ಅವನಿಗೆ ಶುಲ್ಕಕ್ಕಿಂತ ಈ ಕಾಗದಪತ್ರಗಳೇ ಹೆಚ್ಚು ಭಾರವಾದಾವು.